ಕುಟುಂಬವೆಂಬ ಶಬ್ದಕ್ಕೆ ಬಿದ್ದ ಬೀಗ

ಸಂಘ ಸಂಸ್ಥೆಗಳನ್ನು ನೋಂದಾಯಿಸುವ ಮಾನ್ಯ ಅಧಿಕಾರಿಗಳೇ,

ಕಡಬದ ಹತ್ತಿರ ನಮ್ಮೂರಿನ ಹೆರಿಗೆ ಕೇಂದ್ರಕ್ಕೆ ಬೀಗ ಬಿದ್ದು ಐದು ತಿಂಗಳಾಯಿತು. ಬೀಗ ಹಾಕಿಸಿದ್ದು ತಮ್ಮ ಕಚೇರಿಯ ಪತ್ರ. ಆ ಪತ್ರಕ್ಕೆ ಕಾರಣವಾದ ಶಬ್ದವನ್ನು ಬರೆದದ್ದು ನಾನು. ಹಾಗಾಗಿ ತಮ್ಮನ್ನು ಬೈಯಬೇಕೆಂದು ಕುಳಿತರೂ ಪೆನ್ನು ಮತ್ತೆ ಮತ್ತೆ ನನ್ನ ಕಡೆಗೇ ತಿರುಗುತ್ತಿದೆ.

1971ರಿಂದ ಈ ಹದಿಮೂರು ವರ್ಷ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ತಮ್ಮ ಮೇಜಿಗೆ ಬಂದ ಬೈಲಾಗಳಲ್ಲಿ ಮುಕ್ಕಾಲು ಪಾಲು ನನ್ನ ಟೈಪ್‌ರೈಟರಿನವು. ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಒಂದು ದಿನ ತಲೆಗೆ ಏನು ಹೊಕ್ಕಿತೋ, ಕೆಲಸ ಬಿಟ್ಟು ‘ಸಂಘ ಸಂಸ್ಥೆಗಳ ಸಲಹೆಗಾರರು’ ಎಂದು ಬೋರ್ಡು ಹಾಕಿಕೊಂಡೆ. ಗುಮಾಸ್ತನಾಗಿದ್ದಾಗ ಏಕವಚನ, ಸಲಹೆ ಕೊಡಲು ಹೊರಟದ್ದೇ ಬಹುವಚನ! ನೆಲ್ಯಾಡಿಯ ರಬ್ಬರು ಬೆಳೆಗಾರರಿಗೆ ಬರೆದುಕೊಟ್ಟೆ, ಮಸೀದಿ ಕಮಿಟಿಗೆ ಬರೆದುಕೊಟ್ಟೆ, ಮಹಿಳಾ ಮಂಡಲಗಳಿಗೆ ಬರೆದುಕೊಟ್ಟೆ. ಕಲ್ಲುಗುಂಡಿಯ ವಾಲಿಬಾಲ್ ತಂಡಕ್ಕೆ ಇಪ್ಪತ್ತೆರಡು ಪುಟದ ಬೈಲಾ ಮಾಡಿಕೊಟ್ಟೆ; ಅದನ್ನು ಓದಿ ಮುಗಿಸುವಷ್ಟರಲ್ಲಿ ತಂಡ ಎರಡಾಯಿತು, ಬಾಲ್ ಇನ್ನೂ ಬಂದಿರಲಿಲ್ಲ. ನಾಯಕತ್ವದ ಬಗ್ಗೆ ಯುವಕ ಮಂಡಲಗಳಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿದಿದ್ದೇನೆ. ಮನೆಗೆ ಯಾವ ಮೀನು ತರಬೇಕೆಂಬ ತೀರ್ಮಾನವೂ ನನ್ನ ಹೆಂಡತಿ ಚೆನ್ನುವಿನದೇ ಎಂಬುದನ್ನು ಮಾತ್ರ ಆ ಭಾಷಣಗಳಲ್ಲಿ ಎಲ್ಲಿಯೂ ಹೇಳಿಲ್ಲ.

ಇಂಥ ಮಹಾಜ್ಞಾನಿಯನ್ನು ಹುಡುಕಿಕೊಂಡು 1976ರಲ್ಲಿ ನಮ್ಮೂರಿನ ಸಂಕಪ್ಪಣ್ಣ ಬಂದರು. ಮಗಳು ಸೀತು ನರ್ಸ್ ಕಲಿತು ಬಂದಿದ್ದಳು. ಅವಳಿಗಾಗಿ ರಸ್ತೆಬದಿಯ ತಮ್ಮ ಜಾಗದಲ್ಲಿ ಮೂರು ಕೋಣೆ ಕಟ್ಟಿಸಿ, ಊರ ಹೆಂಗಸರ ಹೆರಿಗೆಗೆಂದು ದಾನ ಬಿಟ್ಟಿದ್ದರು.

“ನೋಡು ಮೋಹನ, ನಾನು ಹೋದ ಮೇಲೆ ಸೀತು ನಡೆಸ್ಬೇಕು. ಅದನ್ನು ಬರಿ, ಸಾಕು” ಎಂದರು.

“ಸೀತು ಅಂತ ಬರೆದ್ರೆ ಆಗುದಿಲ್ಲ ಅಣ್ಣ. ಬೈಲಾದಲ್ಲಿ ಹಾಗೆ ಹೆಸರು ಹಾಕಿದ್ರೆ ಚೆಂದ ಕಾಣುದಿಲ್ಲ. ‘ದಾನಿಯ ಕುಟುಂಬದ ಹಿರಿಯ ಸದಸ್ಯರೇ ಶಾಶ್ವತ ಅಧ್ಯಕ್ಷರು’ ಅಂತ ಹಾಕುವ.”

“ಅಷ್ಟುದ್ದ ಎಂತಕ್ಕೆ ಮಾರಾಯ?”

“ಗೌರವ ಇರುದೇ ಅದ್ರಲ್ಲಿ.”

ಗೌರವ! ಆ ಸಾಲನ್ನು ನಾನು ಘಟ್ಟದ ಮೇಲಿನ ಯಾವುದೋ ಸಂಸ್ಥೆಯ ಬೈಲಾದಿಂದ ಎತ್ತಿದ್ದೆ. ಅಲ್ಲಿ ಮಗಳು ಅಪ್ಪನ ಕುಟುಂಬದವಳು. ನಮ್ಮದು ಅಳಿಯಕಟ್ಟು. ಇಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಸಂಕಪ್ಪಣ್ಣನ ಕುಟುಂಬವೆಂದರೆ ಅವರ ಅಕ್ಕನ ಮಗ ತ್ಯಾಂಪಣ್ಣನೇ ಹೊರತು ಸೀತು ಅಲ್ಲ. ನಾನೂ ಅದೇ ಕಟ್ಟಿನಲ್ಲಿ ಹುಟ್ಟಿದವ. ಅಪ್ಪ ನನ್ನ ಕುಟುಂಬದವರಲ್ಲ ಎಂಬುದನ್ನು ತೊಟ್ಟಿಲಲ್ಲೇ ಕಲಿತಿದ್ದೆ, ಟೈಪ್‌ರೈಟರಿನ ಮುಂದೆ ಕುಳಿತಾಗ ಮರೆತುಬಿಟ್ಟೆ. ಸಾಲದ್ದಕ್ಕೆ, ಅಧ್ಯಕ್ಷರು ಕರೆದ ಸಭೆಯಲ್ಲಲ್ಲದೆ ಬೈಲಾದ ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂದು ಇನ್ನೊಂದು ಕಲಮು ಸೇರಿಸಿ, ಯಾರಿಂದಲೂ ಅಲ್ಲಾಡಿಸಲಾಗದ ಬೈಲಾ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ನಿಜಕ್ಕೂ ಯಾರಿಂದಲೂ ಆಗಲಿಲ್ಲ.

ಕಳೆದ ವರ್ಷ ಸಂಕಪ್ಪಣ್ಣ ತೀರಿಕೊಂಡರು. ತ್ಯಾಂಪಣ್ಣ ಒಳ್ಳೆಯ ಮನುಷ್ಯ. “ಕುಟುಂಬದಲ್ಲಿ ಹಿರಿಯ ನಾನೇ, ಹೌದು. ಆದ್ರೆ ನನಗೆ ಅಕ್ಕಿ ಮಿಲ್ಲು ನೋಡ್ಲಿಕ್ಕೇ ಪುರುಸೊತ್ತಿಲ್ಲ, ಹೆರಿಗೆ ಎಂತ ನೋಡುದು ಮಾರಾಯ್ರೆ? ಸೀತುವಿಗೇ ಕೊಡುವ. ಎಲ್ಲಿ ಸಹಿ ಹಾಕ್ಬೇಕು ಹೇಳಿ” ಎಂದ. ಅವನೇ ಸಭೆ ಕರೆದ, ಶಬ್ದ ತಿದ್ದಿದೆವು, ತಮಗೆ ಕಳಿಸಿದೆವು. ತಮ್ಮ ಕಚೇರಿ ಕುಟುಂಬ ಶಬ್ದಕ್ಕೆ ಮೂರನೆಯ ಅರ್ಥವನ್ನು ಹುಡುಕಿತು. ಕುಟುಂಬವೆಂದರೆ ಹೆಂಡತಿಯಂತೆ! “ದಾನಿಯ ಕುಟುಂಬವು 1979ರಲ್ಲೇ ಮೃತಪಟ್ಟಿರುವುದರಿಂದ ಸಂಸ್ಥೆಗೆ ಅಧ್ಯಕ್ಷರಿಲ್ಲ. ಆದಕಾರಣ ಸಭೆ ಅಸಿಂಧು. ಇತ್ಯರ್ಥವಾಗುವವರೆಗೆ ಬಾಗಿಲು ತೆರೆದಲ್ಲಿ ನೋಂದಣಿ ರದ್ದು” ಎಂದು ಉತ್ತರ ಬಂತು. ಮಾನ್ಯರೇ, ಸತ್ತವರನ್ನು ಹಿರಿಯ ಸದಸ್ಯರೆಂದು ಒಪ್ಪುವ ತಮಗೆ, ಬದುಕಿರುವ ಇಬ್ಬರಲ್ಲಿ ಒಬ್ಬರೂ ಯಾಕೆ ಕಾಣಲಿಲ್ಲ?

ಈಗ ಹೇಳಲು ನಾಚಿಕೆಯಾಗುವ ಸಂಗತಿಗೆ ಬರುತ್ತೇನೆ. ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮೂರಿನ ಕದೀಜಮ್ಮ ತಮ್ಮ ಮಗಳು ಪಾತುವನ್ನು ನೋವು ಶುರುವಾಗಿದೆಯೆಂದು ಕೈಹಿಡಿದು ಕರೆತಂದರು. ಸೀತು ಸೊಂಟದಿಂದ ಬೀಗದ ಕೈ ತೆಗೆದೇ ಬಿಟ್ಟಿದ್ದಳು. ಅಡ್ಡ ನಿಂತವ ನಾನು. “ಬೇಡ ಸೀತು, ತೆರೆದ್ರೆ ನೋಂದಣಿ ಹೋಗ್ತದೆ” ಎಂದೆ.

“ಮೋಹನಣ್ಣ, ಬೀಗ ಉಂಟು, ಕೈ ಉಂಟು, ನರ್ಸಮ್ಮ ಉಂಟು. ಇನ್ನು ನಿಮಗೆ ಎಂತ ಬೇಕು?” ಎಂದು ಕದೀಜಮ್ಮ ಕೇಳಿದರು.

ನನಗೆ ಬೇಕಿದ್ದದ್ದು ಅಧ್ಯಕ್ಷರು. ಪೋಕರನ ಜೀಪು ತರಿಸಿ ಮೂವರನ್ನೂ ಪುತ್ತೂರಿನ ಆಸ್ಪತ್ರೆಗೆ ಹತ್ತಿಸಿದೆ. ಜೀಪು ಕೊಯಿಲದ ಸರಕಾರಿ ಜಾನುವಾರು ಫಾರ್ಮಿನ ಎದುರು ಬರುವಾಗ ಪಾತು ಹೆತ್ತಳು. ಫಾರ್ಮಿನ ಕೆಲಸದವರು ಬಿಸಿನೀರು ಹಿಡಿದು ಓಡಿ ಬಂದರು. ಅಲ್ಲಿ ಹಸುಗಳು ಕರು ಹಾಕುವಾಗ ಅಧ್ಯಕ್ಷರು ಯಾರೆಂದು ಯಾರೂ ಕೇಳುವುದಿಲ್ಲವಲ್ಲ! ಸೀತುವಿನ ಕೈಗುಣ, ತಾಯಿ ಮಗು ಉಳಿದರು. ಊರವರು ಮಗುವನ್ನು ಬ್ಯಾರಿ ಮಾತಿನಲ್ಲಿ ‘ಜೀಪು ಮೋನು’, ಜೀಪಿನ ಮಗ, ಎಂದು ಕರೆದು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಸಭೆಯನ್ನು ಸಿಂಧು ಎನ್ನಿ. ‘ಕುಟುಂಬದ ಹಿರಿಯ ಸದಸ್ಯರು’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ‘ಸೀತು’ ಎಂಬ ಎರಡಕ್ಷರ ಬರೆಯಲು ಬಿಡಿ. ಸಂಕಪ್ಪಣ್ಣ ಮೊದಲೇ ಹೇಳಿದ್ದು ಅದನ್ನೇ. ಪ್ರಾಯಶ್ಚಿತ್ತಕ್ಕೆ ನನ್ನ ಬೋರ್ಡು ಇಳಿಸೆಂದರೆ ಇಳಿಸುತ್ತೇನೆ, ಚೆನ್ನು ಅದನ್ನು ಕೋಳಿಗೂಡಿನ ಬಾಗಿಲಿಗೆ ಆಗಲೇ ಅಳತೆ ಮಾಡಿಟ್ಟಿದ್ದಾಳೆ.

ಆದರೆ ಬೇಗ ಮಾಡಿ. ನನ್ನ ಮಗಳು ಅಮ್ಮು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಾಳೆ. ಬರುವ ತಿಂಗಳು ಅವಳಿಗೆ ದಿನ ತುಂಬುತ್ತದೆ. ಕಟ್ಟಿನ ಪ್ರಕಾರ ಅವಳು ಚೆನ್ನುವಿನ ಕುಟುಂಬ, ನನ್ನದಲ್ಲ. ಆದರೂ ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಎದ್ದು ಹೋಗಿ ಅವಳ ಕೋಣೆಗೆ ಇಣುಕಿ ಬರುತ್ತೇನೆ.

ಇಂತಿ, ಎರಡಕ್ಷರ ಸಾಕಾಗಿದ್ದಲ್ಲಿ ಒಂದು ಸಾಲು ಬರೆದ,
ಕೃಷ್ಣಮೋಹನ
(ಗುಮಾಸ್ತ)