ಬೆಡ್ ನಂಬರ್ ಹದಿನೈದು

ಜೂನ್ 3, ಸೋಮವಾರ

ಇವತ್ತು ಏಳನೇ ರಿಜಿಸ್ಟರ್. ಧೂಳಿಗೆ ಸೀನಿದ್ದು ಲೆಕ್ಕವಿಲ್ಲ. ಹೆರಿಗೆ ವಾರ್ಡಿನ ಮೂವತ್ತು ವರ್ಷದ ದಾಖಲೆ — ಒಬ್ಬೊಬ್ಬ ತಾಯಿಯ ವಯಸ್ಸೂ ಕಂಪ್ಯೂಟರಿಗೆ ಹಾಕಬೇಕು. ಇಪ್ಪತ್ತು ತುಂಬದವರು ನೂರಕ್ಕೆ ಎಷ್ಟು, ಏರಿದೆಯಾ ಇಳಿದಿದೆಯಾ, ದೊಡ್ಡ ಡಾಕ್ಟರಿಗೆ ತಿಂಗಳ ಕೊನೆಗೆ ಬೇಕಂತೆ. ಪಾಪ ಅಂತ ಎಲ್ಲರೂ ಕನಿಕರ ಪಡ್ತಾರೆ. ನನಗೋ ಮಜಾ. ಊರ ಉಸಾಬರಿ ಅಂದ್ರೆ ಮೊದಲಿಂದಲೂ ಕಿವಿ ನೆಟ್ಟಗೆ.

ಹಳೇ ರಿಜಿಸ್ಟರ್ ತುಂಬಾ ದೊಡ್ಡಮ್ಮನ ಅಕ್ಷರ. ಇಪ್ಪತ್ತೊಂದು ವರ್ಷ ಅಲ್ಲೇ ನರ್ಸ್ ಆಗಿದ್ದಳು. ಈಗ ರಿಟೈರ್ ಆಗಿ ನಮ್ಮನೇಲಿ ನನ್ನನ್ನು ಗದರಿಸೋ ಕೆಲಸ.

ಜೂನ್ 11

ಗ್ರಾಫ್ ಆಯ್ತು. ವಿಚಿತ್ರ. ದೊಡ್ಡಮ್ಮನ ಕಾಲಕ್ಕೆ ನೂರಕ್ಕೆ ಆರು. ಅವಳ ಜಾಗಕ್ಕೆ ಈಗಿನ ಸಿಸ್ಟರ್ ಬಂದ ವರ್ಷ ಒಮ್ಮೆಲೇ ಹತ್ತೊಂಬತ್ತು. ಆಮೇಲೆ ಇಳಿದು ಈಗ ಹನ್ನೊಂದು.

ಆರಿದ್ದದ್ದು ಹನ್ನೊಂದಾಗಿದೆ, ಸಿಸ್ಟರ್ ಶನಿವಾರ ನಡೆಸೋ ಹುಡುಗೀರ ಕ್ಲಾಸ್ ದಂಡ, ಮುಂದಿನ ತಿಂಗಳಿಂದ ಬೇಡ ಅಂದ್ರು ಡಾಕ್ಟರ್. ಮೈ, ಮದುವೆ, ಮಗು... ಮನೇಲಿ ಬಾಯಿ ಬಿಡೋಕಾಗದ್ದನ್ನೆಲ್ಲ ಹುಡುಗೀರು ಅಲ್ಲಿ ಕೇಳ್ತಾರೆ. ಸಿಸ್ಟರ್ ಮುಖ ಸಪ್ಪಗಾಯ್ತು. "ನಾನೆಲ್ಲಿ ಎಡವಿದೆ ಹೇಳು" ಅಂತ ನನ್ನನ್ನೇ ಕೇಳಿದಳು.

ಒಂದೇ ವರ್ಷದಲ್ಲಿ ಮೂರು ಪಟ್ಟು? ಹೇಗೆ ಸಾಧ್ಯ?

ಜೂನ್ 12, ಮಧ್ಯಾಹ್ನ 4

ಮತ್ತೆ ಹಳೇದು ತೆಗೆದೆ. ದೊಡ್ಡಮ್ಮನ ಪುಟಗಳಲ್ಲಿ ವಯಸ್ಸು ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಊರಲ್ಲಿ ಎಲ್ಲರಿಗೂ ಇಪ್ಪತ್ತೇ ಆಗ್ತಿತ್ತಾ? ಪಕ್ಕದ ಕಾಲಂ — ಬೆಡ್ ನಂಬರ್. 15. 17. 14. 16.

ವಾರ್ಡಿಗೆ ಓಡಿ ಹೋಗಿ ಎಣಿಸಿದೆ. ಹತ್ತೇ ಬೆಡ್. ಯಾವತ್ತೂ ಹತ್ತೇ ಇದ್ದದ್ದು ಅಂದಳು ಆಯಾ.

ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತೈದರವರೆಲ್ಲ ಒಂದರಿಂದ ಹತ್ತರ ಒಳಗೆ. ಇಪ್ಪತ್ತರ ಹುಡುಗೀರು ಮಾತ್ರ ಇಲ್ಲದ ಬೆಡ್ಡುಗಳಲ್ಲಿ.

ಅಯ್ಯೋ ದೊಡ್ಡಮ್ಮಾ.

ಅದೇ ದಿನ, ಸಂಜೆ

ದೊಡ್ಡಮ್ಮ ಬಟ್ಟೆ ಮಡಚ್ತಾ ಇದ್ದಳು. ಕೇಳಿದೆ. ಮಡಚೋದು ನಿಲ್ಲಿಸಲಿಲ್ಲ. ಶುರುವಲ್ಲಿ, ಇಲ್ಲಿಗೆ ಬರೋ ಮೊದಲು ಬೇರೆ ಆಸ್ಪತ್ರೇಲಿ, ಒಬ್ಬಳಿಗೆ ಹದಿನೈದು ಅಂತ ಇದ್ದದ್ದನ್ನೇ ಬರೆದಳಂತೆ. ಬಾಲ್ಯವಿವಾಹ ಅಂತ ವಿಚಾರಣೆಗೆ ಜನ ಬಂದ್ರು. ಮುಂದಿನ ವರ್ಷ ಅವಳ ತಂಗಿಗೆ ನೋವು ಬಂದಾಗ ಮನೆಯವರು ಹೆದರಿ ಆಸ್ಪತ್ರೆಗೇ ತರಲಿಲ್ಲ. ತಂಗಿ ಉಳೀಲಿಲ್ಲ. ಅವತ್ತಿಂದ ಹದಿನೆಂಟು ತುಂಬದವರಿಗೆಲ್ಲ ಇಪ್ಪತ್ತು.

"ಮತ್ತೆ ಬೆಡ್ ನಂಬರ್ ಯಾಕೆ?"

"ಎಲ್ಲೋ ಒಂದು ಕಡೆ ನಿಜ ಇರ್ಲಿ ಅಂತ ಕಣೇ."

ಜೂನ್ 14

ಆ ನಂಬರುಗಳನ್ನೇ ವಯಸ್ಸು ಅಂತ ಹಾಕಿ ನೋಡಿದೆ. ಮೊದಲ ವರ್ಷ ಮೂವತ್ತೆಂಟು! ಇಳೀತಾ ಇಳೀತಾ ದೊಡ್ಡಮ್ಮನ ಕೊನೇ ವರ್ಷ ಇಪ್ಪತ್ತು. ಸಿಸ್ಟರ್ ಬಂದಾಗ ಹತ್ತೊಂಬತ್ತು. ಈಗ ಹನ್ನೊಂದು. ಎಲ್ಲೂ ಏರಿಲ್ಲ. ಕೂಗಬೇಕು ಅನ್ನಿಸಿತು.

ಆದ್ರೆ ಇದನ್ನ ತೋರಿಸಿದ್ರೆ ದೊಡ್ಡಮ್ಮ ಸಿಕ್ಕಿಬೀಳ್ತಾಳೆ. ತೋರಿಸದಿದ್ರೆ ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅತ್ತ ದರಿ, ಇತ್ತ ಪುಲಿ.

ಜೂನ್ 21

ಒಂದು ವಾರ ಏನೂ ಬರೆದಿಲ್ಲ. ಊಟ ಸೇರಲಿಲ್ಲ. ಇವತ್ತು ತಡೆಯಲಾರದೆ ದೊಡ್ಡಮ್ಮನಿಗೆ ಸಿಸ್ಟರ್ ಕ್ಲಾಸ್ ವಿಷಯ ಹೇಳಿಬಿಟ್ಟೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೈದಳು — ಹತ್ತು ದಿನ ಹೊಟ್ಟೇಲಿಟ್ಕೊಂಡು ಕೂತಿದ್ದೆಯಲ್ಲ, ನಿನಗೆ ಬುದ್ಧಿ ಯಾವಾಗ ಬರುತ್ತೆ ಅಂತ.

ಜೂನ್ 24, ಬೆಳಿಗ್ಗೆ 11

ದೊಡ್ಡಮ್ಮ ಇಸ್ತ್ರಿ ಸೀರೆ ಉಟ್ಟು ತಾನೇ ಬಂದಳು. ಡಾಕ್ಟರ್ ಮುಂದೆ ಕೂತು ಎಲ್ಲ ಹೇಳಿದಳು. ಡಾಕ್ಟರಿಗೆ ಮೊದಲು ಸಿಟ್ಟು, ಆಮೇಲೆ ರಿಜಿಸ್ಟರ್ ತರಿಸಿ ತಾವೇ ಪುಟ ತಿರುವಿ ನೋಡಿದ್ರು. ಪ್ರತಿ ಸಾಲನ್ನೂ ತಿದ್ದಿ ಸಹಿ ಹಾಕಿದ್ರೆ ಕ್ಲಾಸ್ ಉಳಿಯುತ್ತೆ, ಆದ್ರೆ ನಿಮ್ಮ ಮೇಲೆ ವಿಚಾರಣೆ ತಪ್ಪಲ್ಲ ಅಂದ್ರು. "ಪೆನ್ ಕೊಡಿ" ಅಂದಳು.

ಮಧ್ಯಾಹ್ನ 3

ರೆಕಾರ್ಡ್ ರೂಮಲ್ಲಿ ಇಬ್ಬರೇ. ನಾನು ಪುಟ ತಿರುವಿ ಬೆಡ್ ನಂಬರ್ ಓದೋದು, ಅವಳು ವಯಸ್ಸು ತಿದ್ದೋದು. ಕೆಲವರು ಮುಖಸಮೇತ ನೆನಪಿದ್ದಾರೆ ಅವಳಿಗೆ. ಒಬ್ಬಳು ನೋವಲ್ಲೂ, ನಾಳೆ ಪರೀಕ್ಷೆ ಇದೆ ಸಿಸ್ಟರ್, ಬೇಗ ಕಳಿಸಿಬಿಡಿ ಅಂದಳಂತೆ. ಅದನ್ನ ಹೇಳಿ ಅತ್ತಳು. ನಾನೂ ಅತ್ತೆ. ಆಮೇಲೆ ಮೂಗೊರೆಸಿಕೊಂಡು, ಕೂತ್ರೆ ಆಗಲ್ಲ, ಇನ್ನೂ ಹದಿನಾಲ್ಕು ರಿಜಿಸ್ಟರ್ ಇದೆ, ಓದು ಅಂದಳು. ಓದಿದೆ. ಹದಿನೈದು. ಹದಿನಾರು. ಹದಿನೈದು. ಹದಿನಾಲ್ಕು. ಹದಿಮೂರು —