ನಿಧಾನವಾಗಿ ಹಾಡಿಸಿದ ಕಚೇರಿಗೆ

ಮಾನ್ಯ ಗೀತ ಪರಿಶೀಲನಾಧಿಕಾರಿಗಳೇ,

ನಿಮ್ಮ ಕಚೇರಿಯ ಒಳಕೋಣೆಗೆ ಹೋದ ನನ್ನ ತಂಗಿ ಹೊರಗೆ ಬಂದಿಲ್ಲ. ಆಗಲೇ ಮನೆಗೆ ಹೋದಳು ಎನ್ನುತ್ತೀರಿ ನೀವು. ಆ ಕೋಣೆಗಿರುವುದು ಒಂದೇ ಬಾಗಿಲು. ಅದರೆದುರಿನ ಬೆಂಚಿನಲ್ಲಿ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆವರೆಗೂ ಕೂತಿದ್ದವನು ನಾನು. ನಮ್ಮಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು. ಅದಕ್ಕೆ ಬೇಕಾದ ಹುದ್ದೆ ನನಗಂತೂ ಇಲ್ಲ.

ನಾವು ಪಂಕ್ ರಾಕ್‌ನವರು. ತಂಗಿ ಹಾಡುತ್ತಾಳೆ, ನಾನು ಡ್ರಮ್ ಬಾರಿಸುತ್ತೇನೆ. ಹಗಲು ನಾನು ಗಾಡಿ ರಿಪೇರಿ ಮಾಡುವ ಶೆಡ್ಡಿನಲ್ಲೇ ಸಂಜೆ ಷಟರ್ ಎಳೆದುಕೊಂಡು ಅಭ್ಯಾಸ. ಗಂಟಲು ಹರಿಯುವಂತೆ ಕೂಗಿ, ಎರಡು ನಿಮಿಷದೊಳಗೆ ಹಾಡು ಮುಗಿಸುವುದು ನಮ್ಮ ಪದ್ಧತಿ. ಯುದ್ಧದ ಮೇಲೆ, ಮಂತ್ರಿಗಳ ಮೇಲೆ ಬೇಕಾದಷ್ಟು ಹಾಡು ಕಟ್ಟಿದ್ದೇವೆ. ಆ ಗದ್ದಲದಲ್ಲಿ ಒಂದು ಪದವೂ ಯಾರಿಗೂ ತಿಳಿದಿದ್ದಿಲ್ಲ. ಅಮ್ಮ ಅವಳನ್ನು ಕರೆಯುವುದೇ ಕಾಗೆ ಎಂದು. ನೀನು ಬಾಯಿ ತೆಗೆದರೆ ಇಟ್ಟ ಹಾಲು ಒಡೆಯುತ್ತದೆ ಎಂದು ಬೈಯುತ್ತಿದ್ದಳು. ಕೇಳಲು ಬಂದವರು ಕುಣಿದು, ಬೆವರೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಇಂಥವರಿಂದ ಸರ್ಕಾರಕ್ಕೆ ಅಪಾಯವೆಂದು ಯಾವ ಪುಣ್ಯಾತ್ಮ ನಿಮ್ಮ ಕಿವಿಯೂದಿದನೋ ಕಾಣೆ.

ನಿಮ್ಮ ಆಜ್ಞೆ ನೆನಪಿದೆಯೇ? ಹಾಡಿನ ಸಾಹಿತ್ಯ ಅರ್ಥವಾಗುತ್ತಿಲ್ಲವಾದ್ದರಿಂದ ಗಾಯಕಿಯು ಕಚೇರಿಗೆ ಹಾಜರಾಗಿ, ವಾದ್ಯಗಳಿಲ್ಲದೆ, ಬೆರಳಚ್ಚುಗಾರ್ತಿಗೆ ಅನುಕೂಲವಾಗುವಂತೆ ನಿಧಾನವಾಗಿ ಹಾಡತಕ್ಕದ್ದು. ಹಾಡಿದಳು. ಜನ್ಮದಲ್ಲಿ ಮೊದಲ ಸಲ ಪದ ಬಿಡಿಸಿ ಬಿಡಿಸಿ ಹಾಡಿದಳು. ಗಡಿಗೆ ಹೋದ ನಮ್ಮ ಗಿಟಾರಿನವನ ಮೇಲೆ ಕಟ್ಟಿದ ಹಾಡು ಅದು. ‘ಗೆದ್ದೆವು ಅಂದಿರಿ, ಒಪ್ಪಿದೆವು, ಗೆದ್ದವನು ಮನೆಗೆ ಯಾಕೆ ಬರಲಿಲ್ಲ?’ ಬೆರಳಚ್ಚುಗಾರ್ತಿಯ ಕೈ ನಿಂತಿತು. ಪಕ್ಕದ ಮೇಜುಗಳಲ್ಲಿ ಫೈಲು ಮಗುಚುವ ಸದ್ದೂ ನಿಂತಿತು. ಚಹಾ ತಂದಿದ್ದ ನಿಮ್ಮ ಜವಾನ, ಟ್ರೇ ಹಿಡಿದುಕೊಂಡೇ, ಯಾರ ಅಪ್ಪಣೆಗೂ ಕಾಯದೆ ಕೇಳಿದ.

“ಆ ಸಾಲು ಇನ್ನೊಂದ್ಸಲ ಹೇಳಮ್ಮ. ನನ್ನ ಮಗಾನೂ ಬಂದಿಲ್ಲ.”

ಅವಳು ಹೇಳಿದಳು. ನೀವು ಎದ್ದು ಕಿಟಕಿ ಮುಚ್ಚಿದಿರಿ. ಸಣ್ಣದೊಂದು ಸ್ಪಷ್ಟೀಕರಣ ಬೇಕೆಂದು ಅವಳನ್ನು ಒಳಗೆ ಕರೆದಿರಿ.

ಸ್ವಾಮಿ, ಒಂದು ಮಾತು ಕೇಳುತ್ತೇನೆ. ವರ್ಷಗಟ್ಟಲೆ ಕಿರುಚಿದರೂ ನಮ್ಮಿಂದಾಗದ ಕೆಲಸವನ್ನು ನೀವು ಒಂದೇ ಬೆಳಗಿನಲ್ಲಿ ಮಾಡಿ ಮುಗಿಸಿದಿರಿ. ಹಾಡು ನಾಲ್ಕು ಜನಕ್ಕೆ ತಿಳಿಯುವಂತೆ ಮಾಡಿದ್ದೇ ಅಪರಾಧವಾದರೆ, ಒಳಕೋಣೆಯಲ್ಲಿ ಕೂರಬೇಕಾದವರು ಯಾರು? ಈಗ ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಜನ ಆ ಸಾಲನ್ನು ತುಟಿಯೊಳಗೇ ಹಾಡಿಕೊಳ್ಳುತ್ತಾರೆ. ಯಾರಾದರೂ ತಿರುಗಿ ನೋಡಿದರೆ ಸುಮ್ಮನಾಗುತ್ತಾರೆ. ಮತ್ತೆ ವಿಚಾರಿಸಲು ನಾನು ಬಂದಾಗ ನಿಮ್ಮಲ್ಲಿ ಚಹಾ ತರುವವನು ಬೇರೆಯವನಾಗಿದ್ದ. ಹಳೆಯ ಜವಾನ ಎಲ್ಲಿ ಎಂದರೆ ಬೆರಳಚ್ಚುಗಾರ್ತಿ ತಲೆಯೆತ್ತಲಿಲ್ಲ. ನಮ್ಮ ಶೆಡ್ಡಿನೆದುರು ದಿನವೂ ಒಂದು ಕಾರು ಬಂದು ನಿಲ್ಲುತ್ತದೆ. ಏನು ರಿಪೇರಿ ಎಂದು ಹತ್ತಿರ ಹೋದರೆ ಗಾಜು ಮೇಲೇರುತ್ತದೆ. ನನಗೆ ಭಯವಾಗುತ್ತಿದೆ, ಮುಚ್ಚಿಟ್ಟು ಏನು ಪ್ರಯೋಜನ.

ನಿನ್ನೆ ಬೆಳಗ್ಗೆ ರೇಡಿಯೊದಲ್ಲಿ ತಂಗಿ ಮಾತಾಡಿದಳು. ತಾನು ಹಾಡಿದ್ದು ತಪ್ಪು, ತಾನು ಕ್ಷೇಮವಾಗಿದ್ದೇನೆ, ಮನೆಯವರು ಹುಡುಕುವುದು ಬೇಡ ಎಂದಳು. ನೆರೆಯವರು ಬಾಗಿಲಿಗೆ ಬಂದು, ಅಂತೂ ಜೀವಂತ ಇದ್ದಾಳಲ್ಲ ಎಂದು ಸಮಾಧಾನ ಹೇಳಿ ಹೋದರು. ನಾನೂ ಹಾಗೇ ಅಂದುಕೊಳ್ಳಲು ಹೊರಟಿದ್ದೆ. ಅಮ್ಮ ಒಲೆಯಾರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನೇ ನೋಡಿದಳು.

“ದನಿ ಅವಳದೇ ಕಣೋ. ಆದ್ರೆ ಒಂದೊಂದು ಪದಾನೂ ತಿಳೀತಲ್ಲ. ಏನು ಮಾಡಿದಾರೋ ಅವಳಿಗೆ?”

ಅದಕ್ಕೆ ಉತ್ತರ ನಿಮ್ಮಲ್ಲಿದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ನೀವು ತಿದ್ದಿ ತೀಡಿದ ಆ ಸ್ಪಷ್ಟ ಉಚ್ಚಾರಣೆಯ ಹೆಣ್ಣುಮಗಳು ನಮಗೆ ಬೇಡ. ನಮ್ಮ ಕಾಗೆಯನ್ನು ಕಳಿಸಿಕೊಡಿ, ಕಿರುಚುವ ಗಂಟಲಿನ ಸಮೇತ. ಶನಿವಾರ ಸಂಜೆಯೊಳಗೆ ಅವಳು ಬಾರದಿದ್ದರೆ ನಾನು ಷಟರ್ ಎತ್ತಿಟ್ಟೇ ಡ್ರಮ್ ಬಾರಿಸುತ್ತೇನೆ. ಹಾಡುವವರಿಲ್ಲವೆಂದು ನಿಶ್ಚಿಂತೆಯಿಂದಿರಬೇಡಿ. ಸಾಹಿತ್ಯ ಈಗ ನಿಮ್ಮ ಕಚೇರಿಯವರಿಗೂ ಬಾಯಿಪಾಠವಾಗಿದೆ.

ಇಂತಿ,
ಮುಂದಿನ ಸ್ಪಷ್ಟೀಕರಣಕ್ಕೆ ಒಗೆದ ಅಂಗಿ ತೊಟ್ಟು ಕೂತಿರುವ
ಕಾಗೆಯ ಅಣ್ಣ