ಬೂಟು ಬಿಚ್ಚಿ ಜಗಲಿ ಹತ್ತು

ಕಣಗಲಕೊಪ್ಪ ಹೊರಠಾಣೆ,
ಹೊಸನಗರ ತಾಲೂಕು,
೧೧ ಫೆಬ್ರವರಿ ೧೯೬೮

ಪ್ರೀತಿಯ ತಮ್ಮ ಕನ್ನಪ್ಪನಿಗೆ ಅಣ್ಣನ ಆಶೀರ್ವಾದ.

ಮಂಡಿ ನೋವು ಹೇಗಿದೆ? ಆ ಚಳಿಯಲ್ಲಿ ಇನ್ನೂ ಎರಡು ತಿಂಗಳು ಕಳೆಯಬೇಕಲ್ಲ, ಅವ್ವ ಕಳಿಸಿದ ಎಣ್ಣೆ ತಿಕ್ಕಿಕೋ. ಡಬ್ಬಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಮರೆತಿರುತ್ತೀಯ, ನನಗೆ ಗೊತ್ತು. ಇಲ್ಲಿ ಅವ್ವ, ನಿನ್ನ ಅತ್ತಿಗೆ ಇಬ್ಬರೂ ಆರೋಗ್ಯವಾಗಿದ್ದಾರೆ.

ಏಪ್ರಿಲ್‌ನಲ್ಲಿ ಪಲ್ಟನ್ನಿನಿಂದ ಬಿಡುಗಡೆಯಾದ ಮೇಲೆ ಬೊಂಬಾಯಿಯ ಗಿರಣಿಗೆ ಕಾವಲುಗಾರನಾಗಿ ಹೋಗುತ್ತೇನೆ, ಪೊಲೀಸ್ ಅರ್ಜಿ ಮಾತ್ರ ಕಳಿಸಬೇಡ ಎಂದು ಬರೆದಿದ್ದೀಯ. ಕಾರಣವನ್ನೂ ಬರೆದಿದ್ದೀಯ. ನಾವು ಚಿಕ್ಕವರಿದ್ದಾಗ ಇದೇ ಹೊರಠಾಣೆಯ ಪೊಲೀಸಿನವನು, ಸೌದೆ ಹೊರೆಯಲ್ಲಿ ಗಂಧದ ತುಂಡಿದೆ ಎಂದು ಅಪ್ಪಯ್ಯನ ಕೆನ್ನೆಗೆ ಹೊಡೆದ. ಹೊರೆ ಬಿಚ್ಚಿದರೆ ಬರೀ ಮತ್ತಿ ಸೌದೆ. ನೀನು ಅವ್ವನ ಸೆರಗಿನ ಹಿಂದಿದ್ದೆ, ನಾನು ಕೊಟ್ಟಿಗೆಯಲ್ಲಿ ಅವಿತಿದ್ದೆ. ಅಪ್ಪಯ್ಯ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ನಾನು ಅದನ್ನು ಮರೆತಿದ್ದೇನೆ ಅಂದುಕೊಂಡೆಯಾ?

ಆದರೂ ಸೈನ್ಯದಿಂದ ಬಂದವನೇ ಈ ಖಾಕಿ ತೊಟ್ಟೆ. ಆ ಮೊದಲ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ. ಹಳ್ಳಿ ಗಸ್ತು ಎಂದರೆ ಕವಾಯತು ಎಂದುಕೊಂಡಿದ್ದೆ. ಹುಲಿಕಲ್ ಕಡೆಯ ಏಳು ಹಳ್ಳಿಗಳನ್ನು ಒಂದೇ ದಿನದಲ್ಲಿ ಮುಗಿಸಿ, ಗಸ್ತು ಪುಸ್ತಕಕ್ಕೆ ಪಟೇಲರ ರುಜು ಹಾಕಿಸಿ, ದಫೇದಾರ್ ಹುಲಿಯಪ್ಪನವರ ಮುಂದೆ ಸೆಲ್ಯೂಟ್ ಹೊಡೆದು ನಿಂತೆ. "ಏನ್ ಸುದ್ದಿ ತಂದ್ಯೋ?" ಎಂದರು. ಏನೂ ಇಲ್ಲ ಎಂದೆ. ಆ ವಾರವೇ ಹಾಲಮ್ಮ ಎಂಬ ಮುದುಕಿಯ ಎಮ್ಮೆ ಕಳುವಾಗಿತ್ತು! ನಾನು ಅವಳ ಅಂಗಳದಲ್ಲೇ ಬೂಟು ತೊಟ್ಟು ನಿಂತು, ಡ್ಯೂಟಿಯಲ್ಲಿದ್ದೇನೆಂದು ಅವಳು ತಂದ ಬೆಲ್ಲ ನೀರನ್ನೂ ಮುಟ್ಟದೆ ಬಂದಿದ್ದೆ. ಅಂಥವನ ಹತ್ತಿರ ಯಾರು ಕಷ್ಟ ಹೇಳಿಕೊಳ್ಳುತ್ತಾರೆ? ಮರುದಿನ ದಫೇದಾರರೇ ನನ್ನನ್ನು ಕರೆದೊಯ್ದರು. "ಬೂಟ್ ಬಿಚ್ಚು, ಜಗಲಿ ಹತ್ತು, ಎಲೆಅಡಿಕೆ ಹಾಕು. ಸುದ್ದಿ ತಾನೇ ಬರ್ತದೆ." ಎರಡನೇ ಸಲ ಎಲೆ ಮಡಿಸುವ ಹೊತ್ತಿಗೆ ಹಾಲಮ್ಮ ಅಳುತ್ತ ಎಲ್ಲ ಹೇಳಿದಳು. ಮೂರೇ ದಿನಕ್ಕೆ ಎಮ್ಮೆ ತೀರ್ಥಹಳ್ಳಿ ದಾರಿಯಲ್ಲಿ ಸಿಕ್ಕಿತು.

ಸೈನ್ಯ ಬಿಟ್ಟು ಬಂದ ನಾಲ್ವರನ್ನು ಹುಲಿಯಪ್ಪನವರು ಹೀಗೆ ತಿದ್ದಿದರು. ಹೋದ ವರ್ಷ ನಿವೃತ್ತರಾದರು. ಗಸ್ತಿನ ದಾರಿಯಲ್ಲಿ ಅವರ ಹರಟೆ ಇಲ್ಲದೆ ಕಾಲೇ ಸಾಗುವುದಿಲ್ಲ. ಅವರು ಮಾಡುತ್ತಿದ್ದಂತೆ, ಸೈನ್ಯ ಬಿಟ್ಟು ಬಂದವರ ಅರ್ಜಿ ತುಂಬಿಸುವುದು, ಬಿಡುಗಡೆ ಪತ್ರದ ನಕಲು ಮಾಡಿಸುವುದು, ವಯಸ್ಸಿನ ರಿಯಾಯಿತಿ ಕೇಳಿಸುವುದು ಈಗ ನನ್ನ ಪಾಲಿಗೆ ಬಂದಿದೆ. ಊರವರ ಮಕ್ಕಳಿಗೆಲ್ಲ ಮಾಡಿಸಿಕೊಟ್ಟೆ, ಸ್ವಂತ ತಮ್ಮ ಬೇಡ ಅನ್ನುತ್ತಾನೆ. ಸಿಟ್ಟು ಬರುತ್ತದೆ ಕನ್ನಪ್ಪ, ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಮೈ ಬೆಚ್ಚಗಿಟ್ಟುಕೋ. ತಲೆ ನೇವರಿಸಿದ್ದೇನೆ ಎಂದು ಬರಿ ಅಂದಳು ಅವ್ವ, ಬರೆದಿದ್ದೇನೆ.

ನಿನ್ನ ಅಣ್ಣ,
ದುಗ್ಗಪ್ಪ

ಮತ್ತೊಂದು ಮಾತು: ಟಪಾಲಿನ ಬಸ್ಸು ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಪ್ಪಯ್ಯನಿಗೆ ಹೊಡೆದವನು ಎಲ್ಲೆಲ್ಲೋ ವರ್ಗವಾಗಿ, ಎರಡು ವರ್ಷದಿಂದ ಇಲ್ಲೇ ನನ್ನ ಜೊತೆ ಕೆಲಸಕ್ಕಿದ್ದಾನೆ. ನಿನಗೆ ತಿಳಿಸಲು ಧೈರ್ಯವಾಗಿರಲಿಲ್ಲ. ಮೇ ತಿಂಗಳಲ್ಲಿ ಅವನಿಗೆ ನಿವೃತ್ತಿ. ಇಲ್ಲಿ ಖಾಲಿಯಾಗುವುದು ಅವನ ಜಾಗವೇ. ಅರ್ಜಿ ಇದರೊಳಗೆ ಇಟ್ಟಿದ್ದೇನೆ. ಆ ಜಾಗಕ್ಕೆ ಇನ್ನೊಬ್ಬ ಅಂಥವನೇ ಬರಬೇಕೋ, ಅಪ್ಪಯ್ಯನ ಮಗ ಬರಬೇಕೋ, ನೀನೇ ಹೇಳು.